ಓಡಿಹೋದ ಸೈನಿಕನಿಗೆ ಕ್ಷಮೆ ಕೊಡಬಹುದೇ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ರಣರಂಗ ಬಿಟ್ಟು ಓಡಿದರು ಅಂತ ಬ್ರಿಟಿಷ್ ಸೇನೆ ತನ್ನದೇ ಸೈನಿಕರನ್ನು ಗುಂಡಿಟ್ಟು ಕೊಂದಿತ್ತು ಎಂದು ಓದಿದೆ. ಸುಮಾರು 90 ವರ್ಷ ಆದಮೇಲೆ ಅವರಿಗೆಲ್ಲ ಒಟ್ಟಿಗೆ ಕ್ಷಮಾದಾನ ಕೊಟ್ಟರಂತೆ. ನಮ್ಮ ತಂದೆ ಸೇನೆಯಲ್ಲಿದ್ದು ನಿವೃತ್ತರಾದವರು. ಈ ವಿಷಯ ಹೇಳಿದಾಗ ಅವರಿಗೆ ತುಂಬಾ ಬೇಸರವಾಯಿತು. 'ಹಾಗಾದರೆ ಜಾಗ ಬಿಡದೆ ನಿಂತು ಸತ್ತವರು ದಡ್ಡರಾ?' ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಸತ್ತವರಿಗೆ ಈಗ ಕ್ಷಮೆ ಕೊಟ್ಟು ಏನು ಉಪಯೋಗ? ಇದು ನಿಜಕ್ಕೂ ಸರಿಯಾ?

ಉತ್ತರ: ನಿಮ್ಮ ತಂದೆಯವರ ಮಾತನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ಕಂದಕದಲ್ಲಿ ಒಬ್ಬ ಎದ್ದು ಹೋದರೆ ಆ ಜಾಗ ಖಾಲಿ ಬಿಡೋಕೆ ಆಗಲ್ಲ. ಅವನ ಪಾಲಿನ ಕಾವಲನ್ನು ಪಕ್ಕದವನು ಕಾಯಬೇಕು. ಅವನ ಪಾಲಿನ ಗುಂಡಿಗೂ ಪಕ್ಕದವನೇ ಎದೆ ಕೊಡಬೇಕು. ಸೇನೆಯಲ್ಲಿ ಇದ್ದು ಬಂದವರಿಗೆ ಇದು ಬರೀ ಪುಸ್ತಕದ ಮಾತಲ್ಲ. ಅದಕ್ಕೇ ಅವರ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಅದಕ್ಕೂ ಮುಂಚೆ ಆಗಿದ್ದೇನು ಅಂತ ನೋಡೋಣ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕೊಟ್ಟಿದ್ದು ಸರಿ. ಇವನಿಗೆ ಹೌದು, ಅವನಿಗೆ ಇಲ್ಲ ಅಂತ ಆರಿಸದೆ ಒಟ್ಟಿಗೆ ಕೊಟ್ಟಿದ್ದೂ ಸರಿ. ಯಾರು ಬೇಕೆಂತಲೇ ಓಡಿದರು, ಯಾರು ತಲೆ ಕೆಟ್ಟು ದಿಕ್ಕು ತಪ್ಪಿದರು ಅಂತ ಬೇರ್ಪಡಿಸುವ ಕೆಲಸವನ್ನು ಅಂದಿನ ವಿಚಾರಣೆಗಳು ನೆಟ್ಟಗೆ ಮಾಡಲೇ ಇಲ್ಲ. ಅದು ಸೇನೆಯ ತಪ್ಪು. ಸಂಶಯದ ಲಾಭ ಆರೋಪಿಗೆ ಅಂತ ಕೋರ್ಟಿನಲ್ಲಿ ಹೇಳುತ್ತಾರಲ್ಲ, ಆ ಲಾಭ ಸತ್ತವರಿಗೂ ಸಿಗಬೇಕು ಅನ್ನುವುದು ನನ್ನ ವಾದ.

1914ರಿಂದ 1918ರವರೆಗೆ, ಮತ್ತು ಅದರ ಬೆನ್ನಿಗೆ ಬಂದ ಒಂದೆರಡು ವರ್ಷಗಳಲ್ಲಿ, ಬ್ರಿಟಿಷ್ ಸೇನೆಯ ಕೋರ್ಟ್ ಮಾರ್ಷಲ್‌ಗಳು, ಅಂದರೆ ಸೇನೆಯದೇ ನ್ಯಾಯಾಲಯಗಳು, 3,000ಕ್ಕೂ ಹೆಚ್ಚು ಮಂದಿಗೆ ಮರಣದಂಡನೆ ಹೇಳಿದವು. ನಿಜವಾಗಿ ಜಾರಿಯಾಗಿದ್ದು 346. ಅದರಲ್ಲಿ 266 ಮಂದಿಯ ಮೇಲಿದ್ದದ್ದು ಸೇನೆ ಬಿಟ್ಟು ಓಡಿದ ಆರೋಪ. 18 ಮಂದಿಯದು ಹೇಡಿತನ. ಉಳಿದವರಲ್ಲಿ ಕೊಲೆ ಮಾಡಿದವರಿದ್ದರು, ಕಾವಲಿನ ಜಾಗ ಬಿಟ್ಟವರಿದ್ದರು, ಆಜ್ಞೆ ಮೀರಿದವರಿದ್ದರು, ಮೇಲಧಿಕಾರಿಗೆ ಹೊಡೆದವರಿದ್ದರು. ಇಬ್ಬರನ್ನು ಕಾವಲಿನಲ್ಲಿ ನಿದ್ದೆ ಹೋದ ತಪ್ಪಿಗೆ ಕೊಂದರು.

ಕ್ಷಮಾದಾನ ಬೇಡ ಎನ್ನುವವರು ಈ ಲೆಕ್ಕವನ್ನೇ ಮುಂದಿಡುತ್ತಾರೆ. ಹತ್ತು ಜನರಿಗೆ ಶಿಕ್ಷೆ ಹೇಳಿ ಒಂಬತ್ತು ಜನರನ್ನು ಉಳಿಸಿದ್ದಾರೆ, ಇದಕ್ಕಿಂತ ದಯೆ ಬೇಕಾ ಅನ್ನುತ್ತಾರೆ. ಮಾತು ಸುಳ್ಳಲ್ಲ. ಕೆಲವರಿಗೆ ಒಮ್ಮೆ ಶಿಕ್ಷೆ ಹೇಳಿ, ತಡೆಹಿಡಿದು, ಮತ್ತೆ ಓಡಿದಾಗ ಮಾತ್ರ ಕೊಂದಿದ್ದೂ ಇದೆ. ಆದರೆ ನನ್ನನ್ನು ಕಾಡುವುದು ಆ ಹತ್ತನೆಯವನು. ಹತ್ತರಲ್ಲಿ ಅವನನ್ನೇ ಹೇಗೆ ಆರಿಸಿದರು?

ವಿಚಾರಣೆ ನಡೆಸುತ್ತಿದ್ದವರು ಸಾಮಾನ್ಯವಾಗಿ ಮೂವರು ಅಧಿಕಾರಿಗಳು. ಮರಣದಂಡನೆಗೆ ಮೂವರೂ ಒಪ್ಪಬೇಕು. ಆರೋಪಿಯ ಪರ ಮಾತಾಡಲು ಒಬ್ಬ ಅಧಿಕಾರಿಯನ್ನು ಕೇಳಬಹುದಿತ್ತು, ಆದರೆ ಎಷ್ಟೋ ಮಂದಿ ಒಬ್ಬರೇ ನಿಂತರು. ಶಿಕ್ಷೆ ಹೇಳಿದ ಮೇಲೆ ಕಾಗದಗಳು ಬ್ರಿಗೇಡ್, ಡಿವಿಜನ್, ಕೋರ್, ಆರ್ಮಿ ಅಂತ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದವು. ಪ್ರತಿ ಮೆಟ್ಟಿಲಲ್ಲೂ ಒಬ್ಬೊಬ್ಬ ಅಧಿಕಾರಿ ತನ್ನ ಅಭಿಪ್ರಾಯ ಬರೆಯುತ್ತಿದ್ದ. ಕೊನೆಗೆ ಸೇನಾಪತಿಯ ಸಹಿ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ 1915ರ ಕೊನೆಯಿಂದ ಆ ಸಹಿ ಡಗ್ಲಸ್ ಹೈಗ್ ಅವರದು. ಅದರ ಮೇಲೆ ಅಪೀಲು ಇರಲಿಲ್ಲ.

ಈ ಮೆಟ್ಟಿಲುಗಳಲ್ಲಿ ಏನು ಕೇಳುತ್ತಿದ್ದರು ಗೊತ್ತಾ? ಈತ ಹೋರಾಟಗಾರನಾಗಿ ಹೇಗೆ? ಇವನ ತುಕಡಿಯ ಶಿಸ್ತು ಹೇಗಿದೆ? ಒಬ್ಬನನ್ನು ಕೊಂದು ಪಾಠ ಕಲಿಸುವ ಅಗತ್ಯ ಇದೆಯಾ? ಸ್ವಲ್ಪ ನಿಂತು ಯೋಚನೆ ಮಾಡಿ. ಇಬ್ಬರು ಒಂದೇ ತಪ್ಪು ಮಾಡಿದ್ದಾರೆ. ಒಬ್ಬನ ಬೆಟಾಲಿಯನ್‌ನಲ್ಲಿ ಶಿಸ್ತು ಚೆನ್ನಾಗಿದೆ, ಅವನು ಬದುಕುತ್ತಾನೆ. ಇನ್ನೊಬ್ಬನ ಬೆಟಾಲಿಯನ್ ಹೋದ ವಾರ ಚದುರಿತ್ತು, ಇಲ್ಲವೇ ಮುಂದಿನ ವಾರ ದೊಡ್ಡ ದಾಳಿ ಇದೆ, ಅವನು ಸಾಯುತ್ತಾನೆ. ಕಾವಲಿನಲ್ಲಿ ನಿದ್ದೆ ಹೋದವರ ವಿಷಯದಲ್ಲಿ ಇದು ಎದ್ದು ಕಾಣುತ್ತದೆ. ಆ ತಪ್ಪಿಗೆ ನೂರಾರು ಮಂದಿಗೆ ಮರಣದಂಡನೆ ಹೇಳಿದ್ದರು, ಸತ್ತವರು ಆ ಇಬ್ಬರೇ. ಅವರ ನಿದ್ದೆ ಉಳಿದವರ ನಿದ್ದೆಗಿಂತ ದೊಡ್ಡ ಅಪರಾಧ ಆಗಿತ್ತಾ? ಶಿಕ್ಷೆಯನ್ನು ತಪ್ಪಿನ ತೂಕ ನೋಡಿ ಕೊಡಬೇಕು. ಇಲ್ಲಿ ತೂಗಿದ್ದು ಉಳಿದವರಲ್ಲಿ ಎಷ್ಟು ಭಯ ಹುಟ್ಟಿಸಬೇಕು ಅನ್ನುವುದನ್ನು.

ಈಗ ಒಂದೇ ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. ಹ್ಯಾರಿ ಫಾರ್, ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಸಾಮಾನ್ಯ ಸಿಪಾಯಿ. ಯುದ್ಧ ಶುರುವಾದ ವರ್ಷವೇ ಫ್ರಾನ್ಸಿಗೆ ಹೋದವನು. 1915ರಲ್ಲಿ ಶೆಲ್ ದಾಳಿಯಿಂದ ನರಗಳು ಕುಸಿದು ಬೂಲೋನ್‌ನ ಆಸ್ಪತ್ರೆಯಲ್ಲಿ ಐದು ತಿಂಗಳು ಮಲಗಿದ್ದ. ಹೆಂಡತಿಗೆ ಅವನ ಕಾಗದಗಳು ಬರುತ್ತಿದ್ದವು, ಆದರೆ ಅಕ್ಷರ ಅವನದಲ್ಲ. ಪೆನ್ನು ಹಿಡಿಯಲಾರದಷ್ಟು ಕೈ ನಡುಗುತ್ತಿತ್ತು, ನರ್ಸ್ ಬರೆದುಕೊಡುತ್ತಿದ್ದಳು. ಅಲ್ಲಿಂದ ಅವನನ್ನು ಮತ್ತೆ ಮುಂಚೂಣಿಗೆ ಕಳಿಸಿದರು. 1916ರಲ್ಲಿ ಫ್ರಾನ್ಸಿನ ಸೊಮ್ ಕದನಕ್ಕೂ ಹೋದ.

ಆ ಸೆಪ್ಟೆಂಬರ್‌ನಲ್ಲಿ ಒಂದು ದಿನ, ನನ್ನಿಂದ ಆಗುತ್ತಿಲ್ಲ, ಶೆಲ್ ಸದ್ದು ತಡೆಯೋಕೆ ಆಗುತ್ತಿಲ್ಲ ಅಂದ. ಮೈಮೇಲೆ ಗಾಯ ಇರಲಿಲ್ಲ. ಗಾಯ ಇಲ್ಲದವನನ್ನು ರೋಗಿ ಅಂತ ಸೇರಿಸಿಕೊಳ್ಳಲಿಲ್ಲ. ಮುಂದಕ್ಕೆ ಎಳೆದುಕೊಂಡು ಹೋಗಲು ನೋಡಿದರು, ಅವನು ಕೊಸರಾಡಿ ಬಿಡಿಸಿಕೊಂಡು ಹಿಂದಕ್ಕೆ ಬಂದುಬಿಟ್ಟ. ಅಕ್ಟೋಬರ್ 2ರಂದು ವಿಚಾರಣೆ. ಸುಮಾರು ಇಪ್ಪತ್ತು ನಿಮಿಷದ್ದು. ಅವನ ಪರ ಯಾರೂ ಇರಲಿಲ್ಲ, ತನ್ನ ಮಾತನ್ನು ತಾನೇ ಆಡಿಕೊಂಡ. ಅವನ ನರಗಳ ಸ್ಥಿತಿ ಗೊತ್ತಿದ್ದ ವೈದ್ಯರು ಸ್ವತಃ ಗಾಯಗೊಂಡು ಹೊರಟುಹೋಗಿದ್ದರು, ಅವರ ಸಾಕ್ಷಿಯೂ ಇಲ್ಲ.

ಆ ಕಡತದಲ್ಲಿ ಅವನ ಕಂಪನಿಯ ಅಧಿಕಾರಿಯ ಮಾತು ಇದೆ. ಈತನ ನರಗಳನ್ನು ಏನು ಹಾಳು ಮಾಡಿತೋ ಹೇಳಲಾರೆ, ಗುಂಡಿನ ದಾಳಿಯಲ್ಲಿ ಇವನ ತಲೆ ನಿಲ್ಲುವುದಿಲ್ಲ, ಬೇರೆಯವರಿಗೂ ಗಾಬರಿ ಹಬ್ಬಿಸಬಹುದು, ಅದೊಂದನ್ನು ಬಿಟ್ಟರೆ ನಡತೆ, ಗುಣ ತುಂಬಾ ಒಳ್ಳೆಯದು. ಇದು ಆ ಮಾತಿನ ಸಾರ. ನಾನು ಎಷ್ಟು ಸಲ ಓದಿದರೂ ಇದು ಹೇಡಿಯ ಮೇಲಿನ ಆರೋಪದ ಹಾಗೆ ಕಾಣುವುದಿಲ್ಲ, ರೋಗಿಯ ವರ್ಣನೆಯ ಹಾಗೆ ಕಾಣುತ್ತದೆ. 'ನರಗಳು ಹಾಳಾಗಿವೆ' ಅಂತ ಅವರೇ ಬರೆದಿದ್ದಾರೆ. ಹಾಳಾದ ನರಗಳನ್ನು ವೈದ್ಯರಿಗೆ ತೋರಿಸುವ ಬದಲು ಗುಂಡಿಗೆ ಕೊಟ್ಟರು. ಅಕ್ಟೋಬರ್ 18ರ ಬೆಳಗಿನ ಜಾವ ಕಾರ್ನೊಯ್ ಎಂಬಲ್ಲಿ ಅವನನ್ನು ಕೊಂದರು. ವಯಸ್ಸು 25. ಕಣ್ಣಿಗೆ ಬಟ್ಟೆ ಬೇಡ ಅಂದನಂತೆ. ಜೊತೆಗಿದ್ದ ಪಾದ್ರಿ ಹೆಂಡತಿಗೆ ಕಾಗದ ಬರೆದು, ಇವನಿಗಿಂತ ಒಳ್ಳೆಯ ಸೈನಿಕ ಇರಲಿಲ್ಲ ಅಂದರು.

ಆಗ ಶೆಲ್ ಶಾಕ್, ಅಂದರೆ ಯುದ್ಧದ ಆಘಾತಕ್ಕೆ ನರ, ಮನಸ್ಸು ಕುಸಿಯುವ ಕಾಯಿಲೆ, ಅನ್ನುವುದು ಯಾರಿಗೂ ಗೊತ್ತಿರಲಿಲ್ಲ, ಪಾಪ, ಅವರದೇನು ತಪ್ಪು ಅಂತ ಕೆಲವರು ಕೇಳುತ್ತಾರೆ. ಗೊತ್ತಿತ್ತು. ಚಾರ್ಲ್ಸ್ ಮೈಯರ್ಸ್ ಎಂಬ ಸೇನಾ ವೈದ್ಯರು 1915ರ ಫೆಬ್ರವರಿಯಲ್ಲೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅದೇ ಹೆಸರಿಟ್ಟು ಬರೆದಿದ್ದರು. ಫಾರ್‌ನ ವಿಚಾರಣೆಗಿಂತ ಒಂದೂವರೆ ವರ್ಷ ಮೊದಲು. ಆಸ್ಪತ್ರೆಗಳು ಅಂಥ ರೋಗಿಗಳಿಂದ ತುಂಬಿದ್ದವು. ಗೊತ್ತಿರುವುದು ಒಂದು, ವಿಚಾರಣೆಯ ಮೇಜಿನ ಮುಂದೆ ಅದನ್ನು ಕೇಳುವುದು ಇನ್ನೊಂದು. ಎಷ್ಟೋ ಕಡೆ ಕೇಳಲಿಲ್ಲ.

1917ರ ಸೆಪ್ಟೆಂಬರ್‌ನಲ್ಲಿ ಬೆಲ್ಜಿಯಂನ ಪೊಪೆರಿಂಗೆಯಲ್ಲಿ ಹರ್ಬರ್ಟ್ ಮಾರಿಸ್ ಎಂಬ ಹುಡುಗನನ್ನು ಕೊಂದರು. ಜಮೈಕಾದಿಂದ ಬಂದಿದ್ದ, ವಯಸ್ಸು 17. ತಲೆಯಲ್ಲಿ ತೊಂದರೆ ಇದೆ, ಫಿರಂಗಿ ಸದ್ದು ತಡೆಯಲಾರೆ, ಡಾಕ್ಟರ ಹತ್ತಿರ ಹೋದರೆ ಔಷಧಿ ಕೊಡಲಿಲ್ಲ ಅಂತ ಅವನು ಹೇಳಿದ್ದ. ಆ ಊರಿನ ಟೌನ್ ಹಾಲ್ ಅಂಗಳದಲ್ಲಿ ಹಾಗೆ ಸಾಯುವವರನ್ನು ಹಿಂದಿನ ರಾತ್ರಿ ಕೂಡಿಹಾಕುತ್ತಿದ್ದ ಕೋಣೆ ಈಗಲೂ ಇದೆ, ಕಟ್ಟಿ ನಿಲ್ಲಿಸುವ ಕಂಬವೂ ಇದೆ. ಕೊಲ್ಲುವ ಕ್ರಮ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕಂಬಕ್ಕೆ ಕಟ್ಟುತ್ತಾರೆ. ಗುರಿ ಕಾಣಲಿ ಅಂತ ಎದೆಯ ಮೇಲೆ ಬಿಳಿ ಬಟ್ಟೆಯ ಚೂರೊಂದನ್ನು ಪಿನ್ ಮಾಡುತ್ತಾರೆ. ಗುಂಡು ಹಾರಿಸುವವರು ಎಷ್ಟೋ ಸಲ ಅವನ ತುಕಡಿಯ ಹುಡುಗರೇ. ಪ್ರಾಣ ಹೋಗದಿದ್ದರೆ ಅಧಿಕಾರಿ ಹತ್ತಿರ ಬಂದು ಪಿಸ್ತೂಲಿನಿಂದ ಮುಗಿಸಬೇಕು. ಆ ಬಂದೂಕು ಹಿಡಿದ ಹುಡುಗರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಅವರೂ ಅದನ್ನು ಬದುಕಿರುವ ತನಕ ಹೊತ್ತುಕೊಂಡೇ ಹೋದರು.

ಎರಡನೇ ದೊಡ್ಡ ಆಕ್ಷೇಪಣೆ: ಅಂದಿನ ಕೆಲಸವನ್ನು ಇಂದಿನ ಅಳತೆಗೋಲಿನಿಂದ ಅಳೆಯಬೇಡಿ. 1993ರಲ್ಲಿ ಪ್ರಧಾನಿ ಜಾನ್ ಮೇಜರ್ ಹೆಚ್ಚುಕಡಿಮೆ ಇದನ್ನೇ ಹೇಳಿ ಕ್ಷಮಾದಾನ ಬೇಡ ಅಂದರು. ಕೇಳಲು ಗಂಭೀರವಾಗಿದೆ, ಆದರೆ ಇದು ನಿಲ್ಲುವ ವಾದವಲ್ಲ. ಅಂದಿನ ಅಳತೆಗೋಲು ಒಂದೇ ಇರಲಿಲ್ಲ. ಅದೇ ಕಂದಕಗಳಲ್ಲಿ, ಅದೇ ಹೈಗ್ ಕೈಕೆಳಗೆ ಆಸ್ಟ್ರೇಲಿಯಾದ ಸೈನಿಕರೂ ಇದ್ದರು. ಅವರ ದೇಶದ 1903ರ ರಕ್ಷಣಾ ಕಾಯ್ದೆ ಪ್ರಕಾರ ಗವರ್ನರ್ ಜನರಲ್ ಒಪ್ಪದೆ ಯಾರನ್ನೂ ಕೊಲ್ಲುವಂತಿರಲಿಲ್ಲ. ನೂರಕ್ಕೂ ಹೆಚ್ಚು ಆಸ್ಟ್ರೇಲಿಯನ್ನರಿಗೆ ಮರಣದಂಡನೆ ಹೇಳಿದರು. ಒಬ್ಬನನ್ನೂ ಕೊಲ್ಲಲಿಲ್ಲ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: ಅವರಲ್ಲಿ ಹೇಳದೆ ಕೇಳದೆ ಹೋಗುವವರು ಜಾಸ್ತಿ ಇದ್ದರು, ಹೈಗ್ ಅದಕ್ಕೆ ಸಿಟ್ಟಾಗಿದ್ದರು. ಆದರೂ 1918ರಲ್ಲಿ ವಿಲೇರ್ ಬ್ರೆಟನ್ಯೂ ಊರನ್ನು ಜರ್ಮನ್ನರಿಂದ ಬಿಡಿಸಿಕೊಂಡವರಲ್ಲಿ, ಆಮಿಯಾನ್ ದಾಳಿಯಲ್ಲಿ ಮುಂದೆ ನುಗ್ಗಿದವರಲ್ಲಿ ಈ ಆಸ್ಟ್ರೇಲಿಯನ್ನರಿದ್ದರು. ಕಂಬಕ್ಕೆ ಕಟ್ಟಿ ಕೊಲ್ಲದೆಯೂ ಸೈನ್ಯ ಹೋರಾಡುತ್ತದೆ ಅನ್ನುವುದು ಕಣ್ಣೆದುರೇ ಇತ್ತು. ಜರ್ಮನ್ ಸೇನೆ ಆ ಯುದ್ಧದಲ್ಲಿ ಕೊಂದದ್ದು 48 ಜನರನ್ನು. ಬ್ರಿಟಿಷರ ಲೆಕ್ಕದ ಏಳನೇ ಒಂದು ಭಾಗದಷ್ಟೂ ಅಲ್ಲ.

ಬ್ರಿಟನ್ನಿನ ಒಳಗೂ ಅಷ್ಟೇ. ಅರ್ನೆಸ್ಟ್ ಥರ್ಟಲ್ ಎಂಬ ಸಂಸದರು, ಸ್ವತಃ ಆ ಯುದ್ಧದಲ್ಲಿ ಗಾಯಗೊಂಡವರು, ವರ್ಷಗಟ್ಟಲೆ ಸಂಸತ್ತಿನಲ್ಲಿ ಇದರ ಬೆನ್ನುಹತ್ತಿದರು. 1930ರಲ್ಲಿ ಓಡಿಹೋದ ತಪ್ಪಿಗೂ ಹೇಡಿತನಕ್ಕೂ ಮರಣದಂಡನೆ ರದ್ದಾಯಿತು. ಯುದ್ಧ ಮುಗಿದು ಹನ್ನೆರಡೇ ವರ್ಷ. ಅದನ್ನು ರದ್ದು ಮಾಡಿದವರು ಆ ಯುದ್ಧ ಕಂಡ ತಲೆಮಾರಿನವರೇ ಹೊರತು ನಮ್ಮ ನಿಮ್ಮ ಕಾಲದವರಲ್ಲ. ಮುಂದೆ ಹಿಟ್ಲರನ ವಿರುದ್ಧದ ಯುದ್ಧದಲ್ಲಿ ಬ್ರಿಟಿಷ್ ಸೇನೆ ಓಡಿದ ತಪ್ಪಿಗೆ ಒಬ್ಬನನ್ನೂ ಕೊಲ್ಲದೆ ಹೋರಾಡಿತು.

ಇನ್ನು ಕಷ್ಟದ ಜಾಗಕ್ಕೆ ಬರುತ್ತೇನೆ. ಎಲ್ಲರೂ ರೋಗಿಗಳಾಗಿರಲಿಲ್ಲ. ಇದನ್ನು ಮುಚ್ಚಿಟ್ಟು ಕ್ಷಮಾದಾನದ ಪರ ಮಾತಾಡುವುದು ನನಗೆ ಇಷ್ಟವಿಲ್ಲ. ಆ ಯುದ್ಧದಲ್ಲಿ ಓಡಿದ ತಪ್ಪಿಗೆ ಮೊಟ್ಟಮೊದಲು ಗುಂಡಿಟ್ಟು ಕೊಂದ ಥಾಮಸ್ ಹೈಗೇಟ್‌ನನ್ನೇ ನೋಡಿ. 1914ರ ಸೆಪ್ಟೆಂಬರ್, ಯುದ್ಧ ಶುರುವಾಗಿ ಇನ್ನೂ ಐದು ವಾರ. ಹುಡುಗನಿಗೆ 19. ಬೆಲ್ಜಿಯಂನ ಮಾನ್ಸ್‌ನಿಂದ ಸೇನೆ ದಿನಗಟ್ಟಲೆ ಹಿಂದೆ ಸರಿದು ಸುಸ್ತಾಗಿತ್ತು. ಅವನು ಯೂನಿಫಾರ್ಮ್ ಬಿಟ್ಟು ಊರವರ ಬಟ್ಟೆ ಹಾಕಿಕೊಂಡು ಅಡಗಿದ್ದಾಗ ಸಿಕ್ಕಿಬಿದ್ದ. ನನಗೆ ಸಾಕಾಗಿದೆ, ಇದರಿಂದ ಹೊರಗೆ ಹೋಗಬೇಕು ಅಂದನಂತೆ. ಕಾನೂನಿನ ಕಣ್ಣಲ್ಲಿ ಓಡಿದ್ದು ನಿಜ, ಸಂಶಯ ಕಡಿಮೆ. ಆದರೆ ಸೆಪ್ಟೆಂಬರ್ 6ಕ್ಕೆ ಸಿಕ್ಕಿದವನನ್ನು 8ಕ್ಕೆ ಕೊಂದು ಮುಗಿಸಿದ್ದರು. ಅವನ ಪರ ಮಾತಾಡಲು ಯಾರೂ ಇಲ್ಲ, ಒಬ್ಬ ಸಾಕ್ಷಿಯೂ ಇಲ್ಲ. ಸಾಯುತ್ತೀಯ ಅಂತ ಹೇಳಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಮುಕ್ಕಾಲು ಗಂಟೆ. ಬೇರೆ ತುಕಡಿಗಳ ಸೈನಿಕರನ್ನು ಸಾಲಾಗಿ ನಿಲ್ಲಿಸಿ ನೋಡುವಂತೆ ಮಾಡಿದರು.

ಇನ್ನೂ ಸ್ಪಷ್ಟವಾದ ಉದಾಹರಣೆ ಬೇಕೆಂದರೆ ಎರಡನೇ ಮಹಾಯುದ್ಧದ ಅಮೆರಿಕನ್ ಸೈನಿಕ ಎಡ್ಡಿ ಸ್ಲೋವಿಕ್. ಮತ್ತೆ ಮುಂಚೂಣಿಗೆ ಕಳಿಸಿದರೆ ಮತ್ತೆ ಓಡುತ್ತೇನೆ ಅಂತ ಕೈಯಾರೆ ಬರೆದುಕೊಟ್ಟವನು. ಆ ಚೀಟಿ ವಾಪಸ್ ತಗೊ, ಬಿಟ್ಟುಬಿಡುತ್ತೇವೆ ಅಂದರೂ ಒಪ್ಪಲಿಲ್ಲ. ಜೈಲಿಗೆ ಹಾಕುತ್ತಾರೆ, ಅಷ್ಟೇ ತಾನೇ ಅಂದುಕೊಂಡಿದ್ದ. ಆ ಯುದ್ಧದಲ್ಲಿ ಓಡಿಹೋದ ಸಾವಿರಾರು ಅಮೆರಿಕನ್ನರಿಗೆ ಶಿಕ್ಷೆ ಆಯಿತು, 49 ಮಂದಿಗೆ ಮರಣದಂಡನೆ ಹೇಳಿದರು. ಜಾರಿಯಾಗಿದ್ದು ಇವನೊಬ್ಬನದು. 1945ರ ಜನವರಿ 31, ಫ್ರಾನ್ಸಿನಲ್ಲಿ. ಅವನ ಹೆಂಡತಿ ಕ್ಷಮಾದಾನಕ್ಕಾಗಿ ವರ್ಷಗಟ್ಟಲೆ ಕೇಳಿದಳು, ಸಿಗಲಿಲ್ಲ.

ಸ್ಲೋವಿಕ್‌ಗೆ ಶಿಕ್ಷೆ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ. ಹೈಗೇಟ್‌ಗೂ ಅಷ್ಟೇ. ಅವರು ಬಿಟ್ಟುಹೋದ ಜಾಗದಲ್ಲಿ ಇನ್ನೊಬ್ಬ ನಿಲ್ಲಬೇಕಾಯಿತು, ಅದು ಸಣ್ಣ ವಿಷಯವಲ್ಲ. ಆದರೆ ತಪ್ಪು ಮಾಡಿದ್ದಾನಾ ಎನ್ನುವುದು ಒಂದು ಪ್ರಶ್ನೆ, ಅದಕ್ಕೆ ಪ್ರಾಣ ತೆಗೆಯಬೇಕಿತ್ತಾ ಎನ್ನುವುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಹೌದು ಅಂದ ಮಾತ್ರಕ್ಕೆ ಎರಡನೆಯದಕ್ಕೂ ಹೌದು ಅನ್ನಬೇಕಾಗಿಲ್ಲ.

ಬ್ರಿಟನ್ನಿನ 2006ರ ಕಾಯ್ದೆ ಹೇಳಿದ್ದೂ ಇಷ್ಟೇ. ತುಂಬಾ ಜನ ಇದನ್ನು ಗಮನಿಸುವುದಿಲ್ಲ. ಆ ವರ್ಷ ನವೆಂಬರ್‌ನಲ್ಲಿ ಬಂದ ಸಶಸ್ತ್ರ ಪಡೆಗಳ ಕಾಯ್ದೆಯ 359ನೇ ಕಲಮಿನಲ್ಲಿ 306 ಮಂದಿಗೆ ಕ್ಷಮಾದಾನ ಸಿಕ್ಕಿತು. ಕೊಲೆ ಮಾಡಿದವರನ್ನು ಹೊರಗಿಟ್ಟರು, ಅದು ಸರಿಯೇ. ಈ ಕ್ಷಮಾದಾನದ ಪ್ರಕಾರ ಇವರು ಯುದ್ಧದ ಅನೇಕ ಬಲಿಗಳಲ್ಲಿ ಸೇರಿದವರು, ಇವರಿಗೆ ಬಂದ ಸಾವು ಇವರಿಗೆ ತಕ್ಕದ್ದಾಗಿರಲಿಲ್ಲ. ಅದೇ ಉಸಿರಿನಲ್ಲಿ, ಅಂದಿನ ತೀರ್ಪಾಗಲಿ ಶಿಕ್ಷೆಯಾಗಲಿ ಇದರಿಂದ ಬದಲಾಗುವುದಿಲ್ಲ, ಪರಿಹಾರ ಕೇಳುವ ಹಕ್ಕೂ ಹುಟ್ಟುವುದಿಲ್ಲ ಅಂತ ಬರೆದಿದ್ದಾರೆ. ಅಂದರೆ ಓಡಿದವನು ಓಡಲಿಲ್ಲ ಅಂತ ಯಾರೂ ಹೇಳಿಲ್ಲ. ಇತಿಹಾಸವನ್ನು ತಿದ್ದಿಬಿಟ್ಟರು ಅನ್ನುವ ದೂರು ನಿಲ್ಲುವುದಿಲ್ಲ. ನಿಮ್ಮ ತಂದೆಯವರಿಗೆ ಈ ಸಂಗತಿ ಮೊದಲು ತಿಳಿಸಿ.

ಒಬ್ಬೊಬ್ಬರ ಕಡತ ತೆಗೆದು ನೋಡಿ, ಅರ್ಹರಿಗೆ ಮಾತ್ರ ಕೊಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆ ಪ್ರಯತ್ನವೂ ಆಯಿತು. ಜಾನ್ ರೀಡ್ ಎಂಬ ಸಚಿವರು ಕಡತಗಳನ್ನು ಪರಿಶೀಲಿಸಿ 1998ರಲ್ಲಿ ಸಂಸತ್ತಿಗೆ ಹೇಳಿದ್ದೇನೆಂದರೆ, ಇಷ್ಟು ಕಡಿಮೆ ದಾಖಲೆ ಇಟ್ಟುಕೊಂಡು ಯಾರು ನಿರಪರಾಧಿ ಅಂತ ತೀರ್ಮಾನಿಸಲು ಆಗುವುದಿಲ್ಲ. ಆಗ ವಿಷಾದ ಹೇಳಿ ಸುಮ್ಮನಾದರು. ಅದೇ ಸಂಗತಿಯಿಂದ ನಾನು ಬೇರೆ ತೀರ್ಮಾನಕ್ಕೆ ಬರುತ್ತೇನೆ. ದಾಖಲೆ ಯಾಕೆ ಇಲ್ಲ? ಇಪ್ಪತ್ತು ನಿಮಿಷದ ವಿಚಾರಣೆಯಲ್ಲಿ ಎಷ್ಟು ದಾಖಲೆ ಹುಟ್ಟುತ್ತದೆ? ವೈದ್ಯರನ್ನು ಕರೆಯಲಿಲ್ಲ, ಹಾಗಾಗಿ ವೈದ್ಯರ ಮಾತು ಕಡತದಲ್ಲಿ ಇಲ್ಲ. ಅದು ಇಲ್ಲ ಅನ್ನುವುದನ್ನೇ ಕಾರಣ ಮಾಡಿ ಇವನು ರೋಗಿಯಾಗಿದ್ದ ಎನ್ನಲು ಪುರಾವೆ ಇಲ್ಲ ಅಂದರೆ, ಒಂದೇ ತಪ್ಪಿಗೆ ಅವನು ಎರಡು ಸಲ ಸತ್ತ ಹಾಗಾಯಿತು. ಎಲ್ಲರಿಗೂ ಒಟ್ಟಿಗೆ ಕೊಡುವುದು ಬಿಟ್ಟರೆ ಪ್ರಾಮಾಣಿಕವಾದ ದಾರಿ ಬೇರೆ ಉಳಿದಿರಲಿಲ್ಲ.

ಇನ್ನು ಆ ಪದದ ಬಗ್ಗೆ ಒಂದು ಮಾತು. ನಮ್ಮ ಭಾಷೆಯಲ್ಲಿ ಇದನ್ನು 'ಕ್ಷಮಾದಾನ' ಅನ್ನುತ್ತೇವೆ. ದಾನ ಅಂದಮೇಲೆ ಕೊಡುವ ಕೈ ಮೇಲೆ, ತಗೊಳ್ಳುವ ಕೈ ಕೆಳಗೆ. ಹ್ಯಾರಿ ಫಾರ್ ವಿಷಯದಲ್ಲಿ ಯಾರ ಕೈ ಮೇಲಿರಬೇಕು? ಕಾಯಿಲೆಯವನನ್ನು ಕೊಂದ ಸರ್ಕಾರ ಕ್ಷಮೆ ಕೊಡಬೇಕಾ, ಕ್ಷಮೆ ಕೇಳಬೇಕಾ? ಈ ಪದ ನನಗೆ ಇವತ್ತಿಗೂ ಚುಚ್ಚುತ್ತದೆ. ಬೇರೆ ದೇಶಗಳು ಬೇರೆ ದಾರಿ ಹಿಡಿದವು. ಕೆನಡಾ 2001ರಲ್ಲಿ ವಿಷಾದ ಹೇಳಿ, ತನ್ನ 23 ಸೈನಿಕರ ಹೆಸರನ್ನು ಯುದ್ಧದಲ್ಲಿ ಮಡಿದವರ ಪುಸ್ತಕಕ್ಕೆ ಸೇರಿಸಿತು. ನ್ಯೂಜಿಲೆಂಡ್ ತನ್ನ ಐವರಿಗೆ 2000ದಲ್ಲೇ ಕಾಯ್ದೆ ಮಾಡಿ ಕ್ಷಮಾದಾನ ಕೊಟ್ಟಿತು. ನಾಜಿ ಕಾಲದ ಸೇನಾ ನ್ಯಾಯಾಲಯಗಳು ಓಡಿಹೋದವರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದಿದ್ದವು. ಅವರ ವಿಷಯದಲ್ಲಿ ಜರ್ಮನ್ ಸಂಸತ್ತು 2002ರಲ್ಲಿ ಕ್ಷಮೆ ಕೊಡಲಿಲ್ಲ, ಆ ತೀರ್ಪುಗಳನ್ನೇ ರದ್ದು ಮಾಡಿತು. ಅಲ್ಲಿ ಅದೇ ಸರಿ. ಅಂಥ ಸೇನೆಯಿಂದ ಓಡಿದ್ದು ತಪ್ಪೇ ಅಲ್ಲ.

ಫ್ರಾನ್ಸಿನ ಒಂದು ಪ್ರಕರಣ ನನಗೆ ಎಲ್ಲಕ್ಕಿಂತ ಹೆಚ್ಚು ನೆಮ್ಮದಿ ಕೊಡುತ್ತದೆ. 1915ರ ಮಾರ್ಚ್ 17ರಂದು ಸುಎನ್ ಎಂಬಲ್ಲಿ ನಾಲ್ವರು ಕಾರ್ಪೊರಲ್‌ಗಳನ್ನು ಕೊಂದರು. ದಾಳಿಗೆ ಆಜ್ಞೆ ಬಂದಾಗ ಅವರ ಕಂಪನಿ ಕಂದಕ ಬಿಟ್ಟು ಮೇಲೆದ್ದಿರಲಿಲ್ಲ. ತಮ್ಮದೇ ಫಿರಂಗಿಗಳ ಶೆಲ್‌ಗಳು ತಮ್ಮ ಮೇಲೇ ಬೀಳುತ್ತಿದ್ದವು. ಇಡೀ ಕಂಪನಿಯನ್ನು ಕೊಲ್ಲಲಾಗುವುದಿಲ್ಲವಲ್ಲ, ಕೆಲವರನ್ನು ಆರಿಸಿದರು. ಅವರಲ್ಲಿ ಒಬ್ಬ ತೆಯೋಫಿಲ್ ಮೋಪಾ, ಶಾಲಾ ಮೇಷ್ಟ್ರು. ಅವನ ಹೆಂಡತಿ ಬ್ಲಾಂಶ್ ಮೋಪಾ, ಅವಳೂ ಟೀಚರ್, ಸುಮಾರು ಇಪ್ಪತ್ತು ವರ್ಷ ಬಿಡದೆ ಓಡಾಡಿದಳು. ಅರ್ಜಿ ತಳ್ಳಿದರು, ಮತ್ತೆ ಹಾಕಿದಳು. ಕೊನೆಗೆ 1934ರಲ್ಲಿ ವಿಶೇಷ ನ್ಯಾಯಾಲಯವೊಂದು ನಾಲ್ವರನ್ನೂ ನಿರ್ದೋಷಿಗಳು ಅಂದಿತು. ಪರಿಹಾರ ಅಂತ ಸಾಂಕೇತಿಕವಾಗಿ ಒಂದು ಫ್ರಾಂಕ್. ಅವಳಿಗೆ ಬೇಕಿದ್ದದ್ದು ಆ ಫ್ರಾಂಕ್ ಅಲ್ಲ, ತೀರ್ಪಿನ ಆ ಒಂದು ಪದ. ಅವಳು ಬದುಕಿರುವಾಗಲೇ ಸಿಕ್ಕಿತು. ಬ್ರಿಟನ್ನಿನ ಹೆಂಗಸರಿಗೆ ಆ ಅದೃಷ್ಟ ಇರಲಿಲ್ಲ. ವಿಚಾರಣೆಯ ಕಡತಗಳನ್ನೇ 75 ವರ್ಷ ಮುಚ್ಚಿಟ್ಟಿದ್ದರು.

2006ರ ಕಾಯ್ದೆಯಲ್ಲಿ 1911ರ ಇಂಡಿಯನ್ ಆರ್ಮಿ ಆಕ್ಟ್ ಹೆಸರೂ ಇದೆ ಅನ್ನುವುದನ್ನು ಹೇಳದೆ ಮುಂದೆ ಹೋಗಲಾರೆ. ಆ ಕಾಯ್ದೆಯ ಕೆಳಗೆ ಶಿಕ್ಷೆಯಾದ ಭಾರತೀಯ ಸಿಪಾಯಿಗಳನ್ನೂ ಸಂಸತ್ತು ಲೆಕ್ಕಕ್ಕೆ ತಗೊಂಡಿತು. ದಂಗೆ ಎದ್ದವರ ಕಥೆ ಮಾತ್ರ ಬೇರೆ. 1915ರ ಫೆಬ್ರವರಿಯಲ್ಲಿ ಸಿಂಗಪುರದಲ್ಲಿ 5ನೇ ಲೈಟ್ ಇನ್‌ಫಂಟ್ರಿಯ ಭಾರತೀಯ ಸಿಪಾಯಿಗಳು ತಿರುಗಿಬಿದ್ದರು. 47 ಮಂದಿಯನ್ನು ಜೈಲಿನ ಗೋಡೆಗೆ ನಿಲ್ಲಿಸಿ, ಜನ ನೋಡುತ್ತಿರುವಾಗಲೇ ಗುಂಡಿಟ್ಟರು. ಅವರು ಹೆದರಿ ಓಡಿದವರಲ್ಲ, ಎದುರು ನಿಂತವರು. ಆಳಿದವರ ಕೈಯಿಂದ ಅವರಿಗೆ ದಾನ ಎಂಬ ಮಾತು ನನಗೆ ಒಗ್ಗುವುದಿಲ್ಲ. ಅದನ್ನು ಇನ್ನೊಮ್ಮೆ ಬೇರೆಯಾಗಿಯೇ ಬರೆಯಬೇಕು.

ಸತ್ತವರಿಗೆ ಏನು ಉಪಯೋಗ ಅಂತ ಕೇಳಿದ್ದೀರಿ. ಸತ್ತವರಿಗೆ ಏನೂ ಇಲ್ಲ. ಆದರೆ ಆ ಶಿಕ್ಷೆ ಸತ್ತವನ ಜೊತೆ ಮುಗಿದಿರಲಿಲ್ಲ. ಫಾರ್‌ನ ಹೆಂಡತಿಗೆ ಕೈಯಲ್ಲಿ ಪುಟ್ಟ ಮಗು. ನಿನ್ನ ಗಂಡನನ್ನು ಹೇಡಿತನಕ್ಕೆ ಗುಂಡಿಟ್ಟಿದ್ದೇವೆ ಅಂತ ಸರ್ಕಾರದಿಂದ ಕಾಗದ ಬಂತು. ಯಾರಾದರೂ ನೋಡಿಬಿಟ್ಟರೆ ಅಂತ ಅದನ್ನು ಎದೆಯೊಳಗೆ ಬಚ್ಚಿಟ್ಟುಕೊಂಡಳು. ಪೆನ್ಷನ್ ನಿಂತಿತು. ಬಾಡಿಗೆ ಕಟ್ಟಲಾಗದೆ ಮನೆ ಬಿಡಬೇಕಾಯಿತು. ಅವಳ ಮಗಳಿಗೇ ಅಪ್ಪ ಹೇಗೆ ಸತ್ತ ಅಂತ ಎಷ್ಟೋ ವರ್ಷ ಗೊತ್ತಿರಲಿಲ್ಲ. ಆ ಹೆಂಡತಿ 1993ರವರೆಗೂ ಬದುಕಿದ್ದಳು. ಕ್ಷಮಾದಾನ ನೋಡಲಿಲ್ಲ. ಮಗಳು ಕೋರ್ಟಿಗೆ ಹೋದಳು. ಸರ್ಕಾರ ಮಣಿದ ಸುದ್ದಿ ಬಂದಾಗ ಅವಳಿಗೆ 93 ವರ್ಷ. ಅವಳಿಗೆ ಆ ಕ್ಷಮಾದಾನದಿಂದ ಉಪಯೋಗ ಆಯಿತಾ ಅಂದರೆ, ಆಯಿತು ಅಂತ ನಾನು ಎರಡು ಸಲ ಯೋಚಿಸದೆ ಹೇಳುತ್ತೇನೆ.

ಈಗ ನಿಮ್ಮ ತಂದೆಯವರ ಪ್ರಶ್ನೆ. ನಿಂತು ಸತ್ತವರು ದಡ್ಡರಾ? ಖಂಡಿತ ಅಲ್ಲ. ಅವರ ಗೌರವ ಯಾರನ್ನೋ ಕಂಬಕ್ಕೆ ಕಟ್ಟಿ ಕೊಂದಿದ್ದರಿಂದ ಬಂದದ್ದಲ್ಲ, ಹಾಗಾಗಿ ಅವನನ್ನು ಕ್ಷಮಿಸಿದ್ದರಿಂದ ಕಡಿಮೆಯಾಗುವುದೂ ಇಲ್ಲ. ಇನ್ನೊಂದು ವಿಷಯ ಅವರಿಗೆ ಗೊತ್ತಿರಲಿ. ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ಆಯೋಗ ಗುಂಡಿಟ್ಟು ಕೊಂದವರಿಗೂ ಉಳಿದವರಷ್ಟೇ ಎತ್ತರದ ಕಲ್ಲು ಇಟ್ಟಿತು, ಅದೇ ಸಾಲಿನಲ್ಲಿ. ಸಮಾಧಿ ಸಿಗದವರ ಹೆಸರನ್ನು ಉಳಿದವರ ಜೊತೆಗೇ ಗೋಡೆಯ ಮೇಲೆ ಕೆತ್ತಿಸಿತು. ಫಾರ್‌ನ ಹೆಸರು ತಿಯೆಪ್‌ವಾಲ್ ಸ್ಮಾರಕದಲ್ಲಿ ಸೊಮ್‌ನಲ್ಲಿ ಕಾಣೆಯಾದ ಸಾವಿರಾರು ಜನರ ಮಧ್ಯೆ ಇದೆ.

ಫ್ರಾನ್ಸಿನ ಬಾಯೂಲ್‌ಮಾನ್ ಎಂಬ ಹಳ್ಳಿಯ ಸ್ಮಶಾನದಲ್ಲಿ ಆಲ್ಬರ್ಟ್ ಇಂಗಮ್ ಎಂಬ ಸಿಪಾಯಿಯ ಸಮಾಧಿ ಇದೆ. ಮ್ಯಾಂಚೆಸ್ಟರ್ ರೆಜಿಮೆಂಟಿನವನು. ಯುದ್ಧ ಶುರುವಾದಾಗ ತಾನಾಗಿಯೇ ಹೋಗಿ ಸೇರಿದವನು. 1916ರಲ್ಲಿ ಗೆಳೆಯನೊಬ್ಬನ ಜೊತೆ ಓಡಿದ, ಬಂದರಿನಲ್ಲಿ ಒಂದು ಹಡಗಿನೊಳಗೆ, ಯೂನಿಫಾರ್ಮ್ ಇಲ್ಲದೆ ಸಿಕ್ಕಿಬಿದ್ದ. ಡಿಸೆಂಬರ್ 1ರಂದು ಇಬ್ಬರನ್ನೂ ಕೊಂದರು. ಗಾಯಗಳಿಂದ ತೀರಿಕೊಂಡ ಅಂತ ಮನೆಗೆ ಹೇಳಿದ್ದರು. ಎಷ್ಟೋ ಕಾಲದ ಮೇಲೆ ತಂದೆಗೆ ನಿಜ ಗೊತ್ತಾಯಿತು. ಕಲ್ಲಿನ ಮೇಲೆ ಏನು ಬರೆಸಬೇಕು ಅನ್ನುವುದನ್ನು ಮನೆಯವರು ಹೇಳಬಹುದಿತ್ತು. ಆ ತಂದೆ ಏನನ್ನೂ ಮುಚ್ಚಿಡಲು ಒಪ್ಪಲಿಲ್ಲ. ಅವರು ಬರೆಸಿದ ಮಾತು ಕನ್ನಡದಲ್ಲಿ ಹೀಗಾಗುತ್ತದೆ:

ಬೆಳಗಿನ ಜಾವ ಗುಂಡಿಟ್ಟು ಕೊಂದರು. ಮೊದಲು ಸೈನ್ಯ ಸೇರಿದವರಲ್ಲಿ ಒಬ್ಬ. ತಂದೆಗೆ ತಕ್ಕ ಮಗ.